ಮೂವರು ಕ್ವಾರ್ಟರ್‌ಬ್ಯಾಕ್, ಒಂದೇ ಲೈನ್: ಓಹಾಯೊ ಸ್ಟೇಟ್ ಫುಟ್‌ಬಾಲ್ ತಂಡದ 2014ರ ಋತು

2014ರ ಆಗಸ್ಟ್ 18. ಮೊದಲ ಪಂದ್ಯಕ್ಕೆ ಹನ್ನೆರಡೇ ದಿನ ಬಾಕಿ. ಓಹಾಯೊದ ಕೊಲಂಬಸ್‌ನಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಅಭ್ಯಾಸ ನಡೆದಿತ್ತು. ಆಕ್ರಮಣವನ್ನು ನಡೆಸುವ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಒಂದು ಸಣ್ಣ ಪಾಸ್ ಎಸೆದರು. ಯಾರೂ ಡಿಕ್ಕಿ ಹೊಡೆದಿರಲಿಲ್ಲ, ಮೈಗೆ ಕೈ ಕೂಡ ತಾಗಿರಲಿಲ್ಲ. ಆ ವರ್ಷದ ಆರಂಭದಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದ ಅದೇ ಭುಜದ ಲೇಬ್ರಮ್, ಅಂದರೆ ಕೀಲಿನ ಸುತ್ತಲಿನ ಮೃದ್ವಸ್ಥಿ, ಮತ್ತೆ ಹರಿಯಿತು. ಬಿಗ್ ಟೆನ್ ಸಮ್ಮೇಳನದಲ್ಲಿ (ತಮ್ಮೊಳಗೆ ಆಡುವ ಕಾಲೇಜುಗಳ ಒಕ್ಕೂಟ) ಸತತ ಎರಡು ವರ್ಷ ಆಕ್ರಮಣದ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದವರು ಒಂದೂ ಪಂದ್ಯ ಆಡದೆ ಆ ಋತುವಿನಿಂದ ಹೊರಬಿದ್ದರು. ಅವರ ಜಾಗಕ್ಕೆ ಬಂದ ಜೆ.ಟಿ. ಬ್ಯಾರೆಟ್ ನವೆಂಬರ್ 29ರಂದು ಕಾಲಿನ ಗಿಣ್ಣು ಮುರಿದುಕೊಂಡರು. ಮೂರನೆಯವರು ಕಾರ್ಡೇಲ್ ಜೋನ್ಸ್. ಕಾಲೇಜು ಮಟ್ಟದಲ್ಲಿ ಆರಂಭಿಕ ಆಟಗಾರನಾಗಿ ಅವರು ಆಡಿದ ಮೊದಲ ಮೂರು ಪಂದ್ಯಗಳೆಂದರೆ ಸಮ್ಮೇಳನದ ಫೈನಲ್, ರಾಷ್ಟ್ರೀಯ ಸೆಮಿಫೈನಲ್ ಮತ್ತು ರಾಷ್ಟ್ರೀಯ ಫೈನಲ್. ಮೂರನ್ನೂ ತಂಡ ಗೆದ್ದಿತು.

ಈ ಋತುವನ್ನು ಮೂವರು ಕ್ವಾರ್ಟರ್‌ಬ್ಯಾಕ್‌ಗಳ ಕತೆಯಾಗಿಯೇ ಹೇಳುವುದು ರೂಢಿ. ಪಂದ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ತಂಡವನ್ನು ಸೋಲಿಸಿದ್ದು ಕ್ವಾರ್ಟರ್‌ಬ್ಯಾಕ್‌ನ ಎಳಸುತನಕ್ಕಿಂತ ಹೆಚ್ಚಾಗಿ ಅವರ ಮುಂದೆ ನಿಂತಿದ್ದ ಐವರು ದಾಂಡಿಗರ ಎಳಸುತನ. ಜನವರಿಯಲ್ಲಿ ಗೆಲ್ಲಿಸಿದವರೂ ಅದೇ ಐವರು. ಈ ಅಧ್ಯಯನದ ಕಣ್ಣು ಅವರ ಮೇಲಿದೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು

ಮೈದಾನದ ಉದ್ದ 100 ಗಜ, ಎರಡೂ ತುದಿಗೆ 10 ಗಜದ ಎಂಡ್ ಜೋನ್. ಗಜ ಎಂದರೆ ಬಟ್ಟೆ ಅಂಗಡಿಯಲ್ಲಿ ಅಳೆಯುತ್ತಿದ್ದ ಅದೇ 3 ಅಡಿಯ ಗಜ. ಒಂದು ಬದಿಗೆ 11 ಜನ. ಚೆಂಡು ಕೈಲಿರುವ ತಂಡಕ್ಕೆ 10 ಗಜ ಸಾಗಲು ನಾಲ್ಕು ಯತ್ನ, ಅದಕ್ಕೆ ಡೌನ್ ಎಂದು ಹೆಸರು. 10 ಗಜ ದಾಟಿದರೆ ಹೊಸದಾಗಿ ನಾಲ್ಕು ಸಿಗುತ್ತವೆ, ದಾಟದಿದ್ದರೆ ಚೆಂಡು ಎದುರಾಳಿಯದ್ದು. ಚೆಂಡನ್ನು ಎಂಡ್ ಜೋನ್‌ಗೆ ಒಯ್ದರೆ ಟಚ್‌ಡೌನ್, 6 ಅಂಕ.

ಆಕ್ರಮಣದ 11 ಜನರಲ್ಲಿ ಐವರು ಚೆಂಡನ್ನು ಮುಟ್ಟುವವರೇ ಅಲ್ಲ. ನಡುವೆ ಸೆಂಟರ್, ಅವರ ಎರಡೂ ಪಕ್ಕ ಗಾರ್ಡ್, ತುದಿಯಲ್ಲಿ ಟ್ಯಾಕಲ್. ಇವರೇ ಲೈನ್. ಸೆಂಟರ್ ಮಾತ್ರ ಪ್ರತಿ ಸಲ ಚೆಂಡನ್ನು ಕಾಲಸಂದಿಯಿಂದ ಹಿಂದಿನ ಕ್ವಾರ್ಟರ್‌ಬ್ಯಾಕ್‌ಗೆ ಕೊಡುತ್ತಾರೆ, ಇದೇ ಸ್ನ್ಯಾಪ್. ಕೊಟ್ಟ ಮರುಕ್ಷಣವೇ ಅವರೂ ಉಳಿದ ನಾಲ್ವರಂತೆ ಎದುರಿನವರನ್ನು ತಳ್ಳುವ ಕೆಲಸಕ್ಕೆ ಇಳಿಯುತ್ತಾರೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಈ ಐವರು ನಮ್ಮ ಕಣ್ಣಿಗೆ ಬೀಳುವುದು ತಪ್ಪು ಮಾಡಿದಾಗ ಮಾತ್ರ.

ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಆಗಸ್ಟ್‌ನಲ್ಲಿ ಕೈಲಿದ್ದದ್ದು

2013ರ ಋತುವಿನ ಕೊನೆಗೆ ಓಹಾಯೊ ಸ್ಟೇಟ್‌ಗೆ ಎರಡು ಪೆಟ್ಟು ಬಿದ್ದಿದ್ದವು. ಸತತ 24 ಗೆಲುವಿನ ನಂತರ ಬಿಗ್ ಟೆನ್ ಫೈನಲ್‌ನಲ್ಲಿ ಮಿಷಿಗನ್ ಸ್ಟೇಟ್ ಎದುರು 34–24ರ ಸೋಲು, ಆಮೇಲೆ ಋತುವಿನ ಕೊನೆಯ ಆಹ್ವಾನಿತ ಪಂದ್ಯ ಆರೆಂಜ್ ಬೌಲ್‌ನಲ್ಲಿ ಕ್ಲೆಮ್ಸನ್ ಎದುರು 40–35ರ ಸೋಲು. ಪಾಸ್ ತಡೆಯುವ ವಿಭಾಗ ಸೋರುವ ಮಾಡಿನಂತಾಗಿತ್ತು. ಮುಖ್ಯ ಕೋಚ್ ಅರ್ಬನ್ ಮೇಯರ್ ಅದನ್ನು ಸರಿಪಡಿಸಲು ಕ್ರಿಸ್ ಆ್ಯಶ್ ಅವರನ್ನು, ರಕ್ಷಣೆಯ ಮುಂಚೂಣಿಗೆ ಪೆನ್ ಸ್ಟೇಟ್‌ನಲ್ಲಿ ದೀರ್ಘಕಾಲ ಕೆಲಸ ಮಾಡಿದ್ದ ಲ್ಯಾರಿ ಜಾನ್ಸನ್ ಅವರನ್ನು ಕರೆತಂದರು.

ಆಕ್ರಮಣದ ಲೈನ್ ಕಡೆ ನೋಡಿ. ಹಿಂದಿನ ವರ್ಷದ ಐವರಲ್ಲಿ ನಾಲ್ವರು ಹೊರಟುಹೋಗಿದ್ದರು. ಉಳಿದ ಟೇಲರ್ ಡೆಕರ್ ಬಲ ಟ್ಯಾಕಲ್‌ನಿಂದ ಎಡ ಟ್ಯಾಕಲ್‌ಗೆ ಬದಲಾದರು. ಕೇಳಲು ಸಣ್ಣ ಬದಲಾವಣೆ. ಆದರೆ ಮೊದಲ ಹೆಜ್ಜೆಯ ಕಾಲು, ತಳ್ಳುವ ಕೈ, ದೇಹ ತಿರುಗುವ ದಿಕ್ಕು ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಲೆಕೆಳಗು. ಗಾರ್ಡ್ ಆದ ಬಿಲ್ಲಿ ಪ್ರೈಸ್ ಕಾಲೇಜಿಗೆ ಬಂದದ್ದು ರಕ್ಷಣೆಯ ಲೈನ್‌ಗೆ. ಬಲ ಟ್ಯಾಕಲ್ ಡ್ಯಾರಿಲ್ ಬಾಲ್ಡ್ವಿನ್ ಕೂಡ ಅದೇ ದಾರಿಯಲ್ಲಿ ಬಂದವರು. ಸೆಂಟರ್ ಜೇಕಬಿ ಬೋರೆನ್ ಆ ಜಾಗಕ್ಕೆ ಗಾತ್ರದಲ್ಲಿ ಕೊಂಚ ಚಿಕ್ಕವರು. ಇನ್ನೊಬ್ಬ ಗಾರ್ಡ್ ಪ್ಯಾಟ್ ಎಲ್ಫ್‌ಲೈನ್‌ಗೆ 2013ರ ಕೊನೆಯ ಕೆಲವು ಪಂದ್ಯಗಳ ಅನುಭವವಷ್ಟೇ ಇತ್ತು. ಓಟಗಾರ ಕಾರ್ಲೋಸ್ ಹೈಡ್ ವೃತ್ತಿಪರ ಲೀಗ್ ಸೇರಿದ್ದರು. ಅವರ ಉತ್ತರಾಧಿಕಾರಿ ಎಜೆಕಿಯಲ್ ಎಲಿಯಟ್ ಆಗಸ್ಟ್ ಶಿಬಿರದಲ್ಲೇ ಮಣಿಕಟ್ಟು ಮುರಿದುಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು.

ಇಂಥ ಮನೆಗೆ ಹತ್ತೊಂಬತ್ತರ ಹುಡುಗ ಬ್ಯಾರೆಟ್ ಯಜಮಾನರಾದರು. ಅವರು ರೆಡ್‌ಶರ್ಟ್ ಪ್ರಥಮ ವರ್ಷದವರು. ಅಂದರೆ ಕಾಲೇಜಿಗೆ ಸೇರಿ ಒಂದು ವರ್ಷವಾಗಿದ್ದರೂ ಆ ವರ್ಷ ಪಂದ್ಯ ಆಡಿಸದೆ, ಐದು ವರ್ಷದಲ್ಲಿ ನಾಲ್ಕು ಋತು ಆಡುವ ಅರ್ಹತೆಯನ್ನು ಉಳಿಸಿಟ್ಟಿದ್ದರು. ಎರಡನೇ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಜೋನ್ಸ್ ಜೊತೆ ನಡೆದಿದ್ದ ಪೈಪೋಟಿಯಲ್ಲಿ ಬ್ಯಾರೆಟ್ ಮುಂದಾಗಿದ್ದದ್ದು ಅದೇ ಆಗಸ್ಟ್ ತಿಂಗಳಲ್ಲಿ. ಕೆಲವು ದಿನ ಕಳೆಯುವಷ್ಟರಲ್ಲಿ ಎರಡನೆಯವರು ಮೊದಲನೆಯವರಾದರು.

ಬಾಲ್ಟಿಮೋರ್‌ನಲ್ಲಿ ನೇವಿ ಎದುರು ಮೊದಲ ಪಂದ್ಯ ಹೇಗೋ 34–17ರಲ್ಲಿ ದಕ್ಕಿತು.

ಸೆಪ್ಟೆಂಬರ್ 6: ಸೋಲಿನ ಅಂಗರಚನೆ

ಎರಡನೇ ಪಂದ್ಯ ಸ್ವಂತ ಮೈದಾನದಲ್ಲಿ, ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರ ಎದುರು, ವರ್ಜೀನಿಯಾ ಟೆಕ್ ವಿರುದ್ಧ. ಫಲಿತಾಂಶ 35–21ರ ಸೋಲು. ಬ್ಯಾರೆಟ್ 29 ಪಾಸ್ ಎಸೆದು 9 ಮಾತ್ರ ತಲುಪಿಸಿದರು, 3 ಎದುರಾಳಿಯ ಕೈ ಸೇರಿದವು. 7 ಸಲ ಅವರನ್ನು ಚೆಂಡಿನ ಸಮೇತ ಕೆಡವಿದರು. ಅಂಕಿಗಳನ್ನಷ್ಟೇ ನೋಡಿದರೆ ಹುಡುಗ ಹೆದರಿದ ಎನ್ನಿಸುತ್ತದೆ. ಆಗಿದ್ದು ಬೇರೆ.

ವರ್ಜೀನಿಯಾ ಟೆಕ್‌ನ ರಕ್ಷಣಾ ಕೋಚ್ ಬಡ್ ಫೋಸ್ಟರ್ ಆ ರಾತ್ರಿ ಇಳಿಸಿದ್ದು ‘ಬೇರ್’ ವ್ಯೂಹ. ಸಾಮಾನ್ಯವಾಗಿ ರಕ್ಷಣೆಯ ಮುಂಚೂಣಿಯಲ್ಲಿ ಎಲ್ಲೋ ಒಂದೆರಡು ಕಡೆ ಸಂದು ಬಿಟ್ಟಿರುತ್ತಾರೆ, ಆಕ್ರಮಣದ ಗಾರ್ಡ್‌ಗಳಲ್ಲಿ ಒಬ್ಬರಿಗಾದರೂ ಎದುರು ಯಾರೂ ಇರುವುದಿಲ್ಲ. ಆ ಬಿಡುವಾದ ಗಾರ್ಡ್ ಪಕ್ಕದವರ ಜೊತೆ ಸೇರಿ ಒಬ್ಬನನ್ನು ಇಬ್ಬರಾಗಿ ತಳ್ಳುತ್ತಾರೆ. ಓಟದ ಆಟ ನಿಂತಿರುವುದೇ ಈ ಜೋಡಿ ತಳ್ಳಿನ ಮೇಲೆ. ಬೇರ್ ವ್ಯೂಹದಲ್ಲಿ ಸೆಂಟರ್ ಮತ್ತು ಇಬ್ಬರು ಗಾರ್ಡ್‌ಗಳ ನೇರ ಎದುರಿಗೆ ತಲಾ ಒಬ್ಬರು ನಿಲ್ಲುತ್ತಾರೆ, ಹೊರಗೆ ಇನ್ನಿಬ್ಬರು. ಐವರಿಗೆ ಐವರು. ಜೋಡಿ ಮಾಡಿಕೊಳ್ಳಲು ಯಾರಿಗೂ ಬಿಡುವಿಲ್ಲ.

ಇದರ ಹಿಂದೆ ಫೋಸ್ಟರ್ ಇನ್ನೊಂದು ಸಾಹಸ ಮಾಡಿದರು. ಆಳದಲ್ಲಿ ಕಾವಲಿಗೆ ನಿಲ್ಲಬೇಕಾದ ಸೇಫ್ಟಿಯನ್ನೂ ಮುಂದಕ್ಕೆ ತಂದು, ಪಾಸ್ ಹಿಡಿಯುವ ಪ್ರತಿಯೊಬ್ಬರಿಗೂ ಒಬ್ಬೊಬ್ಬರನ್ನು ಅಂಟಿಸಿ, ಉಳಿದವರನ್ನೆಲ್ಲ ಕ್ವಾರ್ಟರ್‌ಬ್ಯಾಕ್ ಮೇಲೆ ಬಿಟ್ಟರು. ಇದಕ್ಕೆ ‘ಕವರ್ ಜೀರೋ’ ಎನ್ನುತ್ತಾರೆ. ಹಿಂದೆ ಯಾರೂ ಇಲ್ಲ, ಒಬ್ಬ ತಪ್ಪಿದರೆ ನೇರ ಟಚ್‌ಡೌನ್. ಆದರೂ ಧೈರ್ಯ ಮಾಡಬಹುದಿತ್ತು, ಯಾಕೆಂದರೆ ಉದ್ದದ ಪಾಸ್‌ಗೆ ಹಿಡಿಯುವವರು ಓಡಿ ಆಳಕ್ಕೆ ತಲುಪಲು ಮೂರು ಸೆಕೆಂಡಿನ ಆಸುಪಾಸು ಬೇಕು. ಹೊಸ ಲೈನ್ ಅಷ್ಟು ಹೊತ್ತು ತಡೆಯಲಾರದು ಎಂಬುದು ಅವರ ಲೆಕ್ಕಾಚಾರ.

ಲೆಕ್ಕ ಸರಿಯಾಯಿತು. ಆರು ಜನ ತಡೆಯುವ ಕಡೆ ಏಳು ಜನ ನುಗ್ಗಿದರೆ ಒಬ್ಬನಿಗೆ ತಡೆಯೇ ಇರುವುದಿಲ್ಲ. ಆ ಒಬ್ಬ ಯಾರು ಎಂಬುದನ್ನು ಚೆಂಡು ಕೈಗೆ ಬರುವ ಮೊದಲೇ ಗುರುತಿಸಿ, ಅವನು ಬಿಟ್ಟು ಬಂದ ಜಾಗಕ್ಕೆ ತಟ್ಟನೆ ಎಸೆಯುವುದು ಇದಕ್ಕೆ ಮದ್ದು. ಅದಕ್ಕೆ ಸೆಂಟರ್, ಕ್ವಾರ್ಟರ್‌ಬ್ಯಾಕ್, ಓಟಗಾರ, ಹಿಡಿಯುವವರು ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ಚಿತ್ರ ನೋಡಬೇಕು. ಒಟ್ಟಿಗೆ ಎರಡನೇ ಪಂದ್ಯ ಆಡುತ್ತಿದ್ದವರಿಂದ ಅದು ಆಗಲಿಲ್ಲ. ಅಷ್ಟಾದರೂ ತಂಡ ಒಂದು ಹಂತದಲ್ಲಿ 21–21ಕ್ಕೆ ತಂದಿತ್ತು. ಎರಡು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು 3 ಅಂಕ ಪಡೆಯುವ ಯತ್ನ) ತಪ್ಪಿಹೋಗಿದ್ದವು. ಕೊನೆಯ ನಿಮಿಷದಲ್ಲಿ ಬ್ಯಾರೆಟ್ ಎಸೆದ ಪಾಸ್ ಎದುರಾಳಿಯ ಕೈಗೆ ಸಿಕ್ಕಿ ಟಚ್‌ಡೌನ್ ಆಗಿದ್ದರಿಂದ ಅಂತರ 14ಕ್ಕೆ ಏರಿತು.

ಇನ್ನೂ ನೋವಿನ ಸಂಗತಿ, ವರ್ಜೀನಿಯಾ ಟೆಕ್ ಮರುವಾರವೇ ಈಸ್ಟ್ ಕ್ಯಾರೊಲಿನಾಗೆ ಸೋತು, ಋತುವನ್ನು 7–6ರಲ್ಲಿ ಮುಗಿಸಿತು. ರಾಷ್ಟ್ರೀಯ ಶ್ರೇಯಾಂಕ ಕೊಡುವ ಸಮಿತಿಯ ಮುಂದೆ ಈ ಸೋಲು ಮೂರು ತಿಂಗಳು ಹುಣ್ಣಿನಂತೆ ಉಳಿಯಿತು.

ದುರಸ್ತಿ

ಕಾಲೇಜು ಫುಟ್‌ಬಾಲ್‌ನಲ್ಲಿ ದುರಸ್ತಿಗೆ ಸಿಗುವ ಸಮಯ ಕಡಿಮೆ. ಋತುವಿನಲ್ಲಿ ವಾರಕ್ಕೆ 20 ಗಂಟೆ ಮೀರಿ ಕಡ್ಡಾಯ ಅಭ್ಯಾಸ ಮಾಡಿಸುವಂತಿಲ್ಲ, ಇದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮ. ಶನಿವಾರ ಪಂದ್ಯವಾದರೆ ಮೈಮೇಲೆ ಪ್ಯಾಡ್ ಕಟ್ಟಿಕೊಂಡು ನಿಜವಾಗಿ ಗುದ್ದಾಡಲು ಸಿಗುವುದು ಮಂಗಳವಾರ ಮತ್ತು ಬುಧವಾರ. ಗುರುವಾರ ತಿದ್ದುಪಡಿ, ಶುಕ್ರವಾರ ನಿಧಾನ ನಡಿಗೆಯಲ್ಲಿ ಪುನರಾವರ್ತನೆ. ಆಡಿದ ಪಂದ್ಯದ ವಿಡಿಯೊ ಮುಂದಿನ ಎಲ್ಲ ಎದುರಾಳಿಗಳ ಕೈಗೂ ಹೋಗುತ್ತದೆ. ಒಂದು ಗಾಯ ಕಂಡರೆ ಎಲ್ಲರೂ ಅಲ್ಲೇ ಚುಚ್ಚುತ್ತಾರೆ.

ಆಕ್ರಮಣದ ಸಂಯೋಜಕ ಟಾಮ್ ಹರ್ಮನ್ ಮತ್ತು ಲೈನ್ ಕೋಚ್ ಎಡ್ ವಾರಿನರ್ ಎರಡು ಕಡೆಯಿಂದ ಕೆಲಸ ಶುರು ಮಾಡಿದರು. ಒಂದು, ನಡುವೆ ಜನ ತುಂಬಿಸಿದರೆ ಬದಿಗೆ ಹೋಗುವುದು. ಜಾಲಿನ್ ಮಾರ್ಷಲ್, ಡಾಂಟ್ರೆ ವಿಲ್ಸನ್ ಥರದ ಚುರುಕು ಕಾಲಿನವರು ಸ್ನ್ಯಾಪ್‌ಗೆ ಮುನ್ನವೇ ಅಡ್ಡಲಾಗಿ ಓಡುತ್ತ ಬಂದು ಚೆಂಡು ಪಡೆಯುವುದು, ಇಲ್ಲವೇ ಪಡೆದಂತೆ ನಟಿಸುವುದು. ಆ ಒಂದು ಓಟಕ್ಕೆ ರಕ್ಷಣೆಯ ಒಬ್ಬಿಬ್ಬರು ಅರ್ಧ ಹೆಜ್ಜೆ ಪಕ್ಕಕ್ಕೆ ವಾಲಿದರೂ ಸಾಕು, ನಡುವೆ ಕಿಟಕಿ ತೆರೆಯುತ್ತದೆ. ಎರಡು, ಆಳದಲ್ಲಿ ಕಾವಲಿಲ್ಲದಿದ್ದರೆ ಅಲ್ಲಿಗೇ ಎಸೆಯುವುದು. ಡೆವಿನ್ ಸ್ಮಿತ್ ಇದ್ದದ್ದೇ ಅದಕ್ಕೆ. ಇಡೀ ಋತುವಿನಲ್ಲಿ ಅವರು ಹಿಡಿದದ್ದು 33 ಪಾಸ್, ಅದರಲ್ಲಿ 12 ಟಚ್‌ಡೌನ್. ಒಂದು ಹಿಡಿತಕ್ಕೆ ಸರಾಸರಿ 28 ಗಜ! ಅವರು ಬದಿಯಲ್ಲಿ ಸುಮ್ಮನೆ ನಿಂತಿದ್ದರೂ ಎದುರಾಳಿ ಒಬ್ಬ ಸೇಫ್ಟಿಯನ್ನು ಹಿಂದೆ ಇಡಲೇಬೇಕಾಗುತ್ತಿತ್ತು.

ಆದರೆ ಈ ಎರಡೂ ಹೊರಗಿನ ಉಪಚಾರ. ಒಳಗಿನ ಕೆಲಸ ಒಂದೇ ಆಟವನ್ನು ಸಾವಿರ ಸಲ ತಿಕ್ಕುವುದು. ಓಹಾಯೊ ಸ್ಟೇಟ್‌ನ ಅಡಿಪಾಯ ‘ಇನ್‌ಸೈಡ್ ಜೋನ್’ ಓಟ. ಅದನ್ನು ಹತ್ತಿರದಿಂದ ನೋಡೋಣ.

ಚೆಂಡು ಹಿಂದಕ್ಕೆ ಬರುತ್ತಿದ್ದಂತೆ ಐವರೂ ಒಂದೇ ದಿಕ್ಕಿಗೆ ಗೇಣುದ್ದದ ಹೆಜ್ಜೆ ಇಡುತ್ತಾರೆ. ಹೆಜ್ಜೆ ದೊಡ್ಡದಾದರೆ ಎರಡು ಕಾಲಿನ ನಡುವೆ ಭಾರ ತಪ್ಪುತ್ತದೆ, ಎದುರಿನವನು ಆ ಕ್ಷಣದಲ್ಲೇ ಎತ್ತಿಹಾಕುತ್ತಾನೆ. ಎರಡನೇ ಹೆಜ್ಜೆ ನೆಲ ಮುಟ್ಟುವ ಮೊದಲು ಅಂಗೈ ಎದುರಾಳಿಯ ಎದೆಯ ಪ್ಯಾಡಿನ ಒಳಭಾಗಕ್ಕೆ ತಾಗಿರಬೇಕು, ಹೆಬ್ಬೆರಳು ಮೇಲ್ಮುಖವಾಗಿ. ಕೈ ಹೊರಗಿನಿಂದ ಹೋದರೆ ಹಿಡಿದೆಳೆದ ತಪ್ಪಿಗೆ 10 ಗಜದ ದಂಡ. ಸೆಂಟರ್ ಮತ್ತು ಗಾರ್ಡ್ ಸೊಂಟಕ್ಕೆ ಸೊಂಟ ಅಂಟಿಸಿ ಒಬ್ಬನನ್ನು ಹಿಂದಕ್ಕೆ ನೂಕುತ್ತಾರೆ, ಆದರೆ ನಾಲ್ಕೂ ಕಣ್ಣು ಅವನ ಮೇಲಲ್ಲ, ಅವನ ಹಿಂದಿನ ಲೈನ್‌ಬ್ಯಾಕರ್ ಮೇಲೆ. ಲೈನ್‌ಬ್ಯಾಕರ್ ಯಾವ ಪಕ್ಕಕ್ಕೆ ಬರುತ್ತಾನೋ ಆ ಪಕ್ಕದವರು ಬಿಟ್ಟು ಹೋಗಿ ಅವನನ್ನು ಹಿಡಿಯಬೇಕು. ಬೇಗ ಬಿಟ್ಟರೆ ಮೊದಲನೆಯವನು ನುಗ್ಗುತ್ತಾನೆ, ತಡವಾಗಿ ಬಿಟ್ಟರೆ ಎರಡನೆಯವನು ಓಟಗಾರನನ್ನು ಕೆಡವುತ್ತಾನೆ. ಸರಿಯಾದ ಕ್ಷಣ ಅರ್ಧ ಸೆಕೆಂಡಿನಷ್ಟೂ ಇಲ್ಲ. ಮಾತಾಡಿ ನಿರ್ಧರಿಸಲು ಸಮಯವಿಲ್ಲ, ಪಕ್ಕದವರ ಸೊಂಟದ ಒತ್ತಡ ಸಡಿಲವಾಯಿತೇ ಎಂಬುದರಲ್ಲೇ ತಿಳಿಯಬೇಕು. ಇದು ಕಪ್ಪುಹಲಗೆಯ ಮೇಲೆ ಕಲಿಸಿ ಬರುವಂಥದ್ದಲ್ಲ. ಅದೇ ಇಬ್ಬರು, ಅದೇ ಜಾಗದಲ್ಲಿ, ವಾರದಿಂದ ವಾರ ಒಟ್ಟಿಗೆ ನಿಂತರೆ ಮಾತ್ರ ಬರುತ್ತದೆ.

ಈ ಕಾರಣಕ್ಕೇ ಸೆಪ್ಟೆಂಬರ್‌ನ ಲೈನ್ ಮತ್ತು ಡಿಸೆಂಬರ್‌ನ ಲೈನ್ ಒಂದೇ ಹೆಸರುಗಳ ಎರಡು ಬೇರೆ ತಂಡಗಳು ಎನ್ನಬೇಕು.

ಹತ್ತು ವಾರಗಳ ಓಟ

ಕೆಂಟ್ ಸ್ಟೇಟ್ ಎದುರು 66–0. ಸಿನ್ಸಿನಾಟಿ ಎದುರು 50–28, ಒಟ್ಟು 710 ಗಜ. ಆ ಪಂದ್ಯದಲ್ಲಿ ರಕ್ಷಣೆಯ ಹೊಸ ಪದ್ಧತಿಯ ತೂತು ಕೂಡ ಕಂಡಿತು. ಆ್ಯಶ್ ತಂದದ್ದು ‘ಕ್ವಾರ್ಟರ್ಸ್’ ಪದ್ಧತಿ. ಇದರಲ್ಲಿ ಸೇಫ್ಟಿಗಳು ಹೆಚ್ಚು ಹಿಂದಕ್ಕೆ ಹೋಗದೆ ಓಟವನ್ನೂ ಪಾಸನ್ನೂ ಎರಡನ್ನೂ ನೋಡಿಕೊಳ್ಳುತ್ತಾರೆ. ಓಟದ ನಟನೆಗೆ ಮರುಳಾಗಿ ಒಂದು ಹೆಜ್ಜೆ ಮುಂದೆ ಇಟ್ಟರೆ ಬೆನ್ನ ಹಿಂದೆ ಬಯಲು. ಸಿನ್ಸಿನಾಟಿಯ ಕ್ರಿಸ್ ಮೂರ್ ಒಬ್ಬರೇ 60, 83 ಮತ್ತು 78 ಗಜದ ಮೂರು ಟಚ್‌ಡೌನ್ ಪಡೆದರು. ಪದ್ಧತಿಯನ್ನು ಬಿಡಲಿಲ್ಲ, ತಿದ್ದುತ್ತ ಹೋದರು. ಅದು ಸರಿಯಾದ ತೀರ್ಮಾನ ಎಂಬುದು ಮುಂದೆ ತಿಳಿಯಿತು.

ಮೇರಿಲ್ಯಾಂಡ್ 52–24, ರಟ್ಗರ್ಸ್ 56–17.

ಅಕ್ಟೋಬರ್ 25ರಂದು ಪೆನ್ ಸ್ಟೇಟ್‌ನಲ್ಲಿ ಋತು ಮುಗಿದೇಹೋಗುವ ಸ್ಥಿತಿಗೆ ಬಂದಿತ್ತು. ಮಧ್ಯಂತರಕ್ಕೆ 17–0 ಮುಂದಿದ್ದ ತಂಡ ನಿಗದಿತ ಅವಧಿ ಮುಗಿಯುವಾಗ 17–17ರಲ್ಲಿ ನಿಂತಿತು. ಬ್ಯಾರೆಟ್ ಮೊಣಕಾಲಿನ ಒಳಬದಿಯ ಅಸ್ಥಿರಜ್ಜು ಉಳುಕಿತ್ತು. ಹೆಚ್ಚುವರಿ ಆಟದ ಪ್ರತಿ ಸುತ್ತಿನಲ್ಲಿ ಪ್ರತಿ ತಂಡಕ್ಕೂ 25ನೇ ಗಜದಿಂದ ಒಂದು ಸರದಿ, ಅಂದು ಎರಡು ಸುತ್ತು ನಡೆಯಿತು. ಎರಡೂ ಸರದಿಯಲ್ಲಿ ಅದೇ ಮೊಣಕಾಲಿನಲ್ಲಿ ಬ್ಯಾರೆಟ್ ತಾವೇ ಓಡಿ ಟಚ್‌ಡೌನ್ ಮುಟ್ಟಿಸಿದರು. ಕೊನೆಯ ಆಟದಲ್ಲಿ ರಕ್ಷಣೆಯ ಮುಂಚೂಣಿಯ ಜೋಯಿ ಬೋಸಾ ತಮ್ಮನ್ನು ತಡೆಯಲು ಬಂದ ಓಟಗಾರನನ್ನೇ ಎದೆಗೆ ಕೈಕೊಟ್ಟು ಹಿಂದಕ್ಕೆ ದೂಡುತ್ತ ಹೋಗಿ ಕ್ವಾರ್ಟರ್‌ಬ್ಯಾಕ್ ಮೇಲೆ ಕೆಡವಿದರು. 31–24. ಇಲ್ಲಿ ಅದೃಷ್ಟವೂ ಕೈಹಿಡಿಯಿತು ಎಂದು ಒಪ್ಪಿಕೊಳ್ಳಬೇಕು. ಮೊದಲರ್ಧದಲ್ಲಿ ಚೆಂಡು ನೆಲ ಮುಟ್ಟಿದ್ದಂತೆ ಕಂಡರೂ ಓಹಾಯೊ ಸ್ಟೇಟ್ ಪರವಾಗಿ ಉಳಿದ ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು), ಸ್ನ್ಯಾಪ್ ಮಾಡಲು ಕೊಟ್ಟ ಸಮಯದ ಗಡಿಯಾರ ಸೊನ್ನೆಯಾದ ಮೇಲೆ ಒದೆದ ಫೀಲ್ಡ್ ಗೋಲ್, ಎರಡೂ ತೀರ್ಪು ತಪ್ಪಾಗಿದ್ದವು. ಅವು ಸರಿಯಾಗಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಇಲಿನಾಯ್ ಎದುರಿನ 55–14 ಗೆಲುವಿನ ನಂತರ ನವೆಂಬರ್ 8ರಂದು ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮಿಷಿಗನ್ ಸ್ಟೇಟ್. ಹಿಂದಿನ ವರ್ಷ ಕನಸು ಒಡೆದಿದ್ದ ಅದೇ ತಂಡ. ಅವರ ರಕ್ಷಣೆಯೂ ವರ್ಜೀನಿಯಾ ಟೆಕ್‌ನಂತೆಯೇ ಹೊರಗಿನವರನ್ನು ಒಬ್ಬರಿಗೊಬ್ಬರು ಬಿಟ್ಟು ಒಳಗೆ ಜನ ತುಂಬಿಸುವ ಜಾತಿಯದ್ದು. ಎರಡು ತಿಂಗಳ ಹಿಂದೆ 9 ಪಾಸ್ ತಲುಪಿಸಿದ್ದ ಬ್ಯಾರೆಟ್ ಇಲ್ಲಿ 26ರಲ್ಲಿ 16 ತಲುಪಿಸಿ 300 ಗಜ ಗಳಿಸಿದರು, ಮೂರು ಟಚ್‌ಡೌನ್ ಎಸೆದು ಎರಡನ್ನು ಓಡಿ ತಂದರು. 49–37. ಹುಡುಗ ಅವನೇ, ಕೈ ಅದೇ. ಬದಲಾಗಿದ್ದು ಎಸೆಯುವ ಮುನ್ನ ಕಾಲೂರಿ ನಿಲ್ಲಲು ಸಿಕ್ಕ ಸಮಯ. ಮೊದಲ ಶ್ರೇಯಾಂಕದಲ್ಲಿ 16ನೇ ಸ್ಥಾನದಲ್ಲಿದ್ದ ತಂಡ ಈ ಗೆಲುವಿನ ಬಳಿಕ 8ಕ್ಕೆ ಏರಿತು.

ಹಿಮ ಬೀಳುತ್ತಿದ್ದ ಮಿನೆಸೊಟಾದಲ್ಲಿ 31–24, ಇಂಡಿಯಾನಾ ಎದುರು 42–27.

ಮತ್ತೆ ಗಾಯ

ನವೆಂಬರ್ 29, ಮಿಷಿಗನ್ ವಿರುದ್ಧದ ಸಾಂಪ್ರದಾಯಿಕ ಪಂದ್ಯ. 28–21 ಮುಂದಿದ್ದಾಗ ನಾಲ್ಕನೇ ಕ್ವಾರ್ಟರ್‌ನ, ಅಂದರೆ ಪಂದ್ಯದ ಕೊನೆಯ ಕಾಲುಭಾಗದ, ಮೊದಲ ಆಟದಲ್ಲೇ ಬ್ಯಾರೆಟ್ ಆಟಗಾರರ ರಾಶಿಯ ಕೆಳಗೆ ಸಿಕ್ಕಿ ಬಲಗಾಲಿನ ಗಿಣ್ಣು ಮುರಿಯಿತು. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್‌ನರ್ ಮೈದಾನಕ್ಕೆ ಬಂದು ಅವರ ಪಕ್ಕ ಮಂಡಿಯೂರಿ ಕೂತು ಸಮಾಧಾನ ಹೇಳಿದರು. ಶತಮಾನದ ಹಗೆಯ ನಡುವೆ ಆ ದೃಶ್ಯ ಇಂದಿಗೂ ಮನಸ್ಸು ತಟ್ಟುತ್ತದೆ.

ಅಲ್ಲಿಗೆ ಬ್ಯಾರೆಟ್ ಎಸೆದ ಟಚ್‌ಡೌನ್ 34, ಓಡಿದ್ದು 11. ಒಟ್ಟು 45, ಬಿಗ್ ಟೆನ್ ದಾಖಲೆ.

ಜೋನ್ಸ್ ಒಳಬಂದರು. ಆಮೇಲೆ ನಾಲ್ಕನೇ ಡೌನ್, ಬೇಕಾದದ್ದು 1 ಗಜ. ಮೇಯರ್ ಚೆಂಡನ್ನು ಒದ್ದು ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ, ನಡುವಿನಿಂದ ಎಲಿಯಟ್ ಅವರನ್ನು ಓಡಿಸಿದರು. 1 ಗಜ ಕೇಳಿದ ಕಡೆ ಲೈನ್ 44 ಗಜದ ಟಚ್‌ಡೌನ್ ಕೊಟ್ಟಿತು. ಮೂರನೇ ಕ್ವಾರ್ಟರ್‌ಬ್ಯಾಕ್ ಮಾಡಬೇಕಾಗಿದ್ದು ಚೆಂಡನ್ನು ಕೈಗಿತ್ತು ಪಕ್ಕಕ್ಕೆ ಸರಿಯುವುದಷ್ಟೇ. 42–28.

ಪಂದ್ಯ ಗೆದ್ದರೂ ಋತು ಮುಗಿಯಿತು ಎಂದೇ ಹೆಚ್ಚಿನವರು ಭಾವಿಸಿದರು. ಫೈನಲ್‌ಗೆ ಇದ್ದದ್ದು ಒಂದು ವಾರ.

ಒಂದು ವಾರದಲ್ಲಿ ಏನು ಬದಲಿಸುತ್ತಾರೆ, ಏನು ಬದಲಿಸುವುದಿಲ್ಲ

ಅಭ್ಯಾಸದಲ್ಲಿ ಮೊದಲ ತಂಡದ ಜೊತೆ ಆಡಲು ಸಿಗುವ ಸರದಿಗಳಲ್ಲಿ ಸಿಂಹಪಾಲು ಮೊದಲ ಕ್ವಾರ್ಟರ್‌ಬ್ಯಾಕ್‌ಗೆ. ಎರಡನೆಯವರಿಗೆ ಉಳಿದ ಚೂರುಪಾರು. ಆದ್ದರಿಂದ ಬದಲಿಯಾಗಿ ಬಂದವರಿಗೆ ಹೊಸ ಆಟ ಕಲಿಸುವುದು ದೊಡ್ಡ ತಪ್ಪು. ಇದೇ ತಪ್ಪನ್ನು ಎಷ್ಟೋ ತಂಡಗಳು ಮಾಡುತ್ತವೆ. ಬದಲಿ ಆಟಗಾರನಿಗೆ ಒಗ್ಗಲಿ ಎಂದು ಪುಸ್ತಕವನ್ನೇ ತಿದ್ದುತ್ತಾರೆ. ಆಗ ಒಬ್ಬ ಹೊಸಬನ ಜಾಗದಲ್ಲಿ ಹನ್ನೊಂದು ಜನ ಹೊಸಬರಾಗುತ್ತಾರೆ.

ಓಹಾಯೊ ಸ್ಟೇಟ್‌ನಲ್ಲಿ ಆಟಗಳ ಹೆಸರು, ಲೈನ್‌ನ ಕೂಗು, ವೇಗ ಯಾವುದನ್ನೂ ಮುಟ್ಟಲಿಲ್ಲ. ಬದಲಿಸಿದ್ದು ಪ್ರಮಾಣ. ಬ್ಯಾರೆಟ್ 6 ಅಡಿ 1 ಇಂಚು, ಚೆಂಡನ್ನು ಕೊಡಬೇಕೋ ತಾನೇ ಇಟ್ಟುಕೊಂಡು ಓಡಬೇಕೋ ಎಂದು ಓಡುತ್ತಲೇ ತೀರ್ಮಾನಿಸುವುದರಲ್ಲಿ ನಿಪುಣ. ಜೋನ್ಸ್ 6 ಅಡಿ 5 ಇಂಚು, 250 ಪೌಂಡ್, ಅಂದರೆ 113 ಕೆಜಿ, ಮತ್ತು ತೋಪಿನಂಥ ತೋಳು. ಹಾಗಾಗಿ ಓಡುವ ತೀರ್ಮಾನದ ಆಟ ಕಡಿಮೆಯಾಯಿತು, ಎಲಿಯಟ್‌ಗೆ ಚೆಂಡು ಹೆಚ್ಚು ಸಿಕ್ಕಿತು, ಆಳದ ಪಾಸ್ ಹೆಚ್ಚಾಯಿತು. ಎರಡು ಮೂರು ಗಜ ಬೇಕಾದಾಗ ಜೋನ್ಸ್ ಮೈಭಾರವೇ ಅಸ್ತ್ರವಾಯಿತು. ಎದುರಿನ ರಕ್ಷಣೆಯನ್ನು ಗುರುತಿಸಿ ಕೂಗುವುದು ಹೇಗೂ ಸೆಂಟರ್ ಕೆಲಸ. ಬೋರೆನ್ ಆ ಕೂಗನ್ನು ಆಗಲೇ ಹನ್ನೆರಡು ಪಂದ್ಯದಲ್ಲಿ ಪಳಗಿಸಿಕೊಂಡಿದ್ದರು.

ಡಿಸೆಂಬರ್ 6, ಇಂಡಿಯಾನಾಪೊಲಿಸ್. ವಿಸ್ಕಾನ್ಸಿನ್ ಗೆಲ್ಲುತ್ತದೆ ಎಂದೇ ಬಾಜಿ ಕಟ್ಟುವವರ ಅಂದಾಜಿತ್ತು. ಮೊದಲ ಸರದಿಯಲ್ಲೇ ಜೋನ್ಸ್ ಎತ್ತರಕ್ಕೆ ತೂರಿದ ಚೆಂಡನ್ನು ಸ್ಮಿತ್ ರಕ್ಷಕನ ತಲೆಯ ಮೇಲಿಂದ ಕಿತ್ತುಕೊಂಡರು, 39 ಗಜ. ಆಮೇಲೆ 44, ಆಮೇಲೆ 42. ಸ್ಮಿತ್ ಹೆಸರಲ್ಲಿ ಮೂರು ಟಚ್‌ಡೌನ್. ಜೋನ್ಸ್ 17ರಲ್ಲಿ 12 ತಲುಪಿಸಿ 257 ಗಜ. ಎಲಿಯಟ್ 20 ಓಟದಲ್ಲಿ 220 ಗಜ. ಇನ್ನೊಂದು ಬದಿಯಲ್ಲಿ, ಅದೇ ನವೆಂಬರ್‌ನಲ್ಲಿ ನೆಬ್ರಾಸ್ಕಾ ಎದುರು 408 ಗಜ ಓಡಿದ್ದ ಮೆಲ್ವಿನ್ ಗಾರ್ಡನ್‌ಗೆ 26 ಓಟದಲ್ಲಿ ಸಿಕ್ಕಿದ್ದು 76. ಸೇಫ್ಟಿಗಳು ಓಟಕ್ಕೂ ಇಳಿಯುವ ಆ್ಯಶ್ ಪದ್ಧತಿ ಅಂದು ಫಲ ಕೊಟ್ಟಿತು. 59–0.

ಅದು ನಾಲ್ಕು ತಂಡಗಳ ಪ್ಲೇಆಫ್ ಶುರುವಾದ ಮೊದಲ ವರ್ಷ. ಹಿಂದಿನ ವಾರ ಓಹಾಯೊ ಸ್ಟೇಟ್ 5ನೇ ಸ್ಥಾನ, ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) 3ನೇ ಸ್ಥಾನ. ಟಿಸಿಯು ಕೊನೆಯ ಪಂದ್ಯವನ್ನು 55–3ರಲ್ಲಿ ಗೆದ್ದರೂ 6ಕ್ಕೆ ಜಾರಿತು, ಓಹಾಯೊ ಸ್ಟೇಟ್ 4ಕ್ಕೆ ಏರಿತು. ಬಿಗ್ 12 ಸಮ್ಮೇಳನದಲ್ಲಿ ಆಗ ಫೈನಲ್ ಪಂದ್ಯವೇ ಇರಲಿಲ್ಲ, ಟಿಸಿಯು ಮತ್ತು ಬೇಲರ್ ಎರಡನ್ನೂ ಜಂಟಿ ಚಾಂಪಿಯನ್ ಎಂದು ಕೂರಿಸಿದರು. 59–0 ಅಂತರವಿಲ್ಲದಿದ್ದರೆ ಮೂರನೇ ಕ್ವಾರ್ಟರ್‌ಬ್ಯಾಕ್ ಇರುವ ತಂಡವನ್ನು ಸಮಿತಿ ಆರಿಸುತ್ತಿರಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಟಿಸಿಯು ಅಭಿಮಾನಿಗಳ ಅಳಲಿಗೂ ಅರ್ಥವಿದೆ.

ನ್ಯೂ ಆರ್ಲಿಯನ್ಸ್, ಆರ್ಲಿಂಗ್ಟನ್

2015ರ ಜನವರಿ 1, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್, ಅದೇ ರಾಷ್ಟ್ರೀಯ ಸೆಮಿಫೈನಲ್. ಮೊದಲ ಶ್ರೇಯಾಂಕದ ಅಲಬಾಮಾ ಎರಡನೇ ಕ್ವಾರ್ಟರ್‌ನಲ್ಲಿ 21–6 ಮುಂದಿತ್ತು. ಓಹಾಯೊ ಸ್ಟೇಟ್ ಗಜಗಳನ್ನು ಗಳಿಸುತ್ತಿತ್ತು, ಆದರೆ ಗೆರೆಯ ಹತ್ತಿರ ಬಂದು 3 ಅಂಕದ ಫೀಲ್ಡ್ ಗೋಲ್‌ಗೆ ತೃಪ್ತಿಪಡುತ್ತಿತ್ತು. ಇಲ್ಲಿ ಗಾಬರಿಯಾಗಿ ಓಟ ಬಿಟ್ಟು ಬರೀ ಪಾಸ್‌ಗೆ ಹೋಗುವ ತಂಡಗಳೇ ಹೆಚ್ಚು. ಇವರು ಬಿಡಲಿಲ್ಲ. ಅರ್ಧಕ್ಕೆ 12 ಸೆಕೆಂಡ್ ಇರುವಾಗ ಪಾಸ್ ಹಿಡಿಯುವ ಇವಾನ್ ಸ್ಪೆನ್ಸರ್ ತಾವೇ ಪಾಸ್ ಎಸೆದರು, ಮೈಕಲ್ ಥಾಮಸ್ ಎಂಡ್ ಜೋನ್ ಮೂಲೆಯಲ್ಲಿ ಕಾಲ್ಬೆರಳು ಗೆರೆಯೊಳಗೆ ಊರಿ ಹಿಡಿದರು. 21–20.

ಕೊನೆಯ ಹಂತದಲ್ಲಿ ಓಹಾಯೊ ಸ್ಟೇಟ್ 34–28 ಮುಂದಿದ್ದಾಗ, 3 ನಿಮಿಷ 24 ಸೆಕೆಂಡ್ ಉಳಿದಂತೆ ಎಲಿಯಟ್ 85 ಗಜ ಓಡಿ ಟಚ್‌ಡೌನ್ ತಂದರು. ಎಲ್ಲರಿಗೂ ನೆನಪಿರುವುದು ಎಲಿಯಟ್ ವೇಗ. ವಿಡಿಯೊವನ್ನು ನಿಧಾನಕ್ಕೆ ನೋಡಿ: ಹೊರಗಿನಿಂದ ಒಳಕ್ಕೆ ಬಂದ ಸ್ಪೆನ್ಸರ್ ಒಂದೇ ಬ್ಲಾಕ್‌ನಲ್ಲಿ ಇಬ್ಬರು ರಕ್ಷಕರನ್ನು ದಾರಿಯಿಂದ ತೆಗೆದುಹಾಕುತ್ತಾರೆ. ಪಾಸ್ ಹಿಡಿಯುವವರೂ ಲೈನ್‌ನವರಂತೆ ದುಡಿಯುವ ತಂಡವಾಗಿತ್ತು ಅದು. 42–35. ಎಲಿಯಟ್ 230 ಗಜ.

ಹನ್ನೊಂದು ದಿನ ಬಿಟ್ಟು, ಜನವರಿ 12ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆರಿಗನ್ ಎದುರು ಫೈನಲ್. ಎದುರಿಗೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಕ್ವಾರ್ಟರ್‌ಬ್ಯಾಕ್ ಮಾರ್ಕಸ್ ಮರಿಯೋಟಾ, ದೇಶದಲ್ಲೇ ಅತಿ ವೇಗದ ಆಕ್ರಮಣಗಳಲ್ಲೊಂದು. ಓಹಾಯೊ ಸ್ಟೇಟ್ ಆ ರಾತ್ರಿ ನಾಲ್ಕು ಸಲ ಚೆಂಡು ಕಳೆದುಕೊಂಡಿತು. ಫೈನಲ್‌ನಲ್ಲಿ ನಾಲ್ಕು ಸಲ ಚೆಂಡು ಬಿಟ್ಟುಕೊಟ್ಟ ತಂಡ ಸಾಮಾನ್ಯವಾಗಿ ಮನೆಗೆ ಹೋಗುತ್ತದೆ. ಇವರು 42–20ರಲ್ಲಿ ಗೆದ್ದರು. ಕಾರಣ ಸರಳ. ಮೂರನೇ ಕ್ವಾರ್ಟರ್‌ನಲ್ಲಿ 21–20ಕ್ಕೆ ಬಂದಾಗ ತಂಡ ಮತ್ತೆ ಇನ್‌ಸೈಡ್ ಜೋನ್‌ಗೆ ಮರಳಿತು. ನಾಲ್ಕು ಗಜ, ಆರು ಗಜ, ಮೂರು ಗಜ. ಆರಿಗನ್‌ಗೆ ಆಟ ಏನೆಂದು ಗೊತ್ತಿತ್ತು, ತಡೆಯಲಾಗಲಿಲ್ಲ. ಚೆಂಡು 37 ನಿಮಿಷಕ್ಕೂ ಹೆಚ್ಚು ಓಹಾಯೊ ಸ್ಟೇಟ್ ಕೈಲಿತ್ತು, ಮರಿಯೋಟಾ ಬೆಂಚಿನ ಮೇಲಿದ್ದರು. ಎಲಿಯಟ್ 36 ಓಟ, 246 ಗಜ, 4 ಟಚ್‌ಡೌನ್. ಮೂರು ಪಂದ್ಯಗಳ ಒಟ್ಟು 696 ಗಜ.

ಪ್ರತಿಭೆಯ ಪಾಲನ್ನು ಮುಚ್ಚಿಡುವುದು ಸರಿಯಲ್ಲ. 2016ರ ಎನ್‌ಎಫ್‌ಎಲ್ ಡ್ರಾಫ್ಟ್‌ನ (ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲ ಸುತ್ತಿನಲ್ಲೇ ಬೋಸಾ, ಎಲಿಯಟ್, ಇಲೈ ಆ್ಯಪಲ್, ಡೆಕರ್, ಡ್ಯಾರನ್ ಲೀ ಆಯ್ಕೆಯಾದರು. ಆಗ ಮಿತಿಯಾಗಿದ್ದ 85 ವಿದ್ಯಾರ್ಥಿವೇತನಗಳ ಪಟ್ಟಿಯಲ್ಲಿ ಇಷ್ಟು ಪ್ರತಿಭೆ ಕೂಡಿಸಲು ದೇಶದ ಬೆರಳೆಣಿಕೆ ಕಾಲೇಜುಗಳಿಗೆ ಮಾತ್ರ ಸಾಧ್ಯವಿತ್ತು. ಸಣ್ಣ ಕಾಲೇಜೊಂದು ಇದೇ ವಿಧಾನ ಹಿಡಿದರೆ ಇದೇ ಫಲ ಬರುತ್ತದೆ ಎನ್ನಲಾಗದು. ಆದರೆ ಈ ಪ್ರತಿಭೆಯೆಲ್ಲ ಸೆಪ್ಟೆಂಬರ್ 6ರಂದೂ ಅಲ್ಲೇ ಇತ್ತು.

ಮರುವರ್ಷದ ಒಂದು ಪಂದ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2015ರಲ್ಲಿ ಹೆಚ್ಚಿನವರು ಮರಳಿದ್ದರು. ಹರ್ಮನ್ ಹ್ಯೂಸ್ಟನ್‌ಗೆ ಮುಖ್ಯ ಕೋಚ್ ಆಗಿ ಹೋಗಿದ್ದರು. ಮಿಲ್ಲರ್ ಪಾಸ್ ಹಿಡಿಯುವ ಜಾಗಕ್ಕೆ ಬದಲಾದರು, ಜೋನ್ಸ್ ಮತ್ತು ಬ್ಯಾರೆಟ್ ನಡುವೆ ಯಾರು ಎಂಬ ಪ್ರಶ್ನೆ ತಿಂಗಳುಗಟ್ಟಲೆ ಎಳೆಯಿತು, ಅಭ್ಯಾಸದ ಸರದಿಗಳು ಇಬ್ಬರ ನಡುವೆ ಹಂಚಿಹೋದವು. ನವೆಂಬರ್ 21ರಂದು ಕೊಲಂಬಸ್‌ಗೆ ಮಿಷಿಗನ್ ಸ್ಟೇಟ್ ಬಂತು, ಅದೂ ತನ್ನ ಮೊದಲ ಕ್ವಾರ್ಟರ್‌ಬ್ಯಾಕ್ ಇಲ್ಲದೆ. ಓಹಾಯೊ ಸ್ಟೇಟ್ ಇಡೀ ಪಂದ್ಯದಲ್ಲಿ ಗಳಿಸಿದ್ದು 132 ಗಜ. ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಿಂದ 17–14ರಲ್ಲಿ ಸೋತರು. ಆ ವರ್ಷ ಅವರು ಸೋತದ್ದು ಅದೊಂದೇ ಪಂದ್ಯ, ಪ್ಲೇಆಫ್ ತಪ್ಪಿಸಲು ಅಷ್ಟೇ ಸಾಕಾಯಿತು. ಆರ್ಲಿಂಗ್ಟನ್‌ನಲ್ಲಿ 36 ಸಲ ಓಡಿದ್ದ ಎಲಿಯಟ್ ಕೈಗೆ ಅಂದು ಚೆಂಡು ಕೊಟ್ಟು ಓಡಿಸಿದ್ದು 12 ಸಲ.